ಸಂಬಳವಿಲ್ಲದ ದುಡಿಮೆಗೆ ಅರ್ಜಿಯಲ್ಲೊಂದು ಜಾಗ

ಡೊಂಬಿವಲಿ, ಮೀರಾರೋಡ್, ಕಾಂದಿವಲಿ ಕಡೆಯ ನಮ್ಮ ಮಕ್ಕಳು ಮೊದಲ ನೌಕರಿಗೆ ಹಾಕುವ ಅರ್ಜಿಗಳು ಹೆಚ್ಚಾಗಿ ಒಂದೇ ಅಚ್ಚಿನವು. ‘ಅನುಭವ’ ಎಂಬಲ್ಲಿ ‘ಇಲ್ಲ’. ಕೊನೆಗೆ ಹವ್ಯಾಸಗಳ ಸಾಲಿನಲ್ಲಿ, ಕ್ರಿಕೆಟ್ಟಿನ ಪಕ್ಕ, ‘ಸಮಾಜಸೇವೆ’. ಸ್ವಯಂಸೇವೆಯನ್ನು ಅರ್ಜಿಯಲ್ಲಿ ಕಾಣಿಸುವುದು ಒಳ್ಳೆಯ ರೂಢಿಯೇ. ಕಾಣಿಸುವ ಬಗೆ ಮಾತ್ರ ತೀರಾ ಸೊರಗಿದೆ.

ಕಿಂಗ್ಸ್ ಸರ್ಕಲ್‌ನ ಜಿ.ಎಸ್.ಬಿ. ಸೇವಾ ಮಂಡಲ 1955ರಿಂದ ನಡೆಸಿಕೊಂಡು ಬಂದಿರುವ ಐದು ದಿನಗಳ ಗಣೇಶೋತ್ಸವ ಸ್ವಯಂಸೇವಕರಿಲ್ಲದೆ ನಡೆಯುವಂಥದ್ದಲ್ಲ. ಇಂಥ ಯಾವುದೇ ಉತ್ಸವದಲ್ಲಿ ಸೇವಾ ಕೌಂಟರಿಗೆ ಕೂತ ಹುಡುಗಿಯನ್ನು ಗಮನಿಸಿ. ರಸೀದಿ ಬರೆಯಬೇಕು, ಚಿಲ್ಲರೆ ಹೊಂದಿಸಬೇಕು, ಹೆಸರು ತಪ್ಪಾಯಿತೆಂದು ರೇಗುವವರನ್ನು ಸಮಾಧಾನ ಮಾಡಬೇಕು. ರಾತ್ರಿ ರಸೀದಿ ಪುಸ್ತಕಕ್ಕೂ ನಗದಿಗೂ ತಾಳೆ ನೋಡಿ ಖಜಾಂಚಿಗೆ ಒಪ್ಪಿಸಿದ ಮೇಲೆಯೇ ಲೋಕಲ್ ಹಿಡಿಯಬೇಕು. ಅದೇ ಹುಡುಗಿ ಬಿ.ಕಾಂ. ಮುಗಿಸಿ ಅಕೌಂಟ್ಸ್ ಕೆಲಸಕ್ಕೆ ಅರ್ಜಿ ಹಾಕುವಾಗ ‘ನಾಯಕತ್ವ ಗುಣವಿದೆ’ ಎಂದು ಬರೆಯುತ್ತಾಳೆ! ಆ ಮಾತನ್ನು ಯಾರು ಬೇಕಾದರೂ ಬರೆದಾರು. ‘ಐದು ದಿನ ಸೇವಾ ಕೌಂಟರಿನ ರಸೀದಿ, ದಿನದ ನಗದು ಲೆಕ್ಕ ನೋಡಿಕೊಂಡೆ’ ಎಂದು ಬರೆಯಲು ಆ ಕೆಲಸ ಮಾಡಿದವಳಿಗೇ ಸಾಧ್ಯ. ಸಂದರ್ಶನದಲ್ಲಿ ಕೆದಕಿ ಕೇಳಿದರೂ ಉತ್ತರಕ್ಕೆ ತಡಕಾಡಬೇಕಾಗಿಲ್ಲ.

ಕಾಲೇಜಿನ ಎನ್.ಎಸ್.ಎಸ್. ಪ್ರಮಾಣಪತ್ರಕ್ಕೂ ಇದೇ ಕೊರತೆ. 1969ರಲ್ಲಿ ಶುರುವಾದ ಈ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಗಂಟೆಗಳನ್ನಷ್ಟೇ ಎತ್ತಿ ಬರೆದರೆ ಹಾಜರಿ ತಿಳಿಯುತ್ತದೆ, ಕೆಲಸ ತಿಳಿಯುವುದಿಲ್ಲ. ವಿಸರ್ಜನೆಯ ದಿನ ಚೌಪಾಟಿಯಲ್ಲಿ ನಿರ್ಮಾಲ್ಯ ಬೇರ್ಪಡಿಸಿದ್ದೋ, ರಕ್ತದಾನ ಶಿಬಿರದಲ್ಲಿ ದಾನಿಗಳ ಹೆಸರು ದಾಖಲಿಸಿದ್ದೋ, ಅದನ್ನೇ ಬರೆಯಬೇಕು. ಹಾಗೆಂದು ಕುರ್ಚಿ ಜೋಡಿಸಿದವನು ‘ಕಾರ್ಯಕ್ರಮ ಸಂಯೋಜಕ’ನಾಗುವುದನ್ನು ನಾನು ಒಪ್ಪಲಾರೆ. ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ, ನಿಜವಾಗಿ ಮಾಡಿದ್ದನ್ನೂ ಆಮೇಲೆ ಯಾರೂ ನಂಬುವುದಿಲ್ಲ.

ನೌಕರಿ ಕೊಡುವವರಿಗೂ ಒಂದು ಮಾತು. ಕಾಲೇಜು ಬಿಟ್ಟೊಡನೆ ಟ್ಯೂಷನ್ ಹೇಳಲು ಓಡುವವಳಿಗೆ, ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವವನಿಗೆ ಸ್ವಯಂಸೇವೆಗೆ ಪುರುಸೊತ್ತೆಲ್ಲಿ? ಆ ಸಾಲು ಖಾಲಿಯಿದೆಯೆಂದು ಅರ್ಜಿಯನ್ನು ಬದಿಗಿಟ್ಟರೆ ಅದು ಅನ್ಯಾಯ.

ಸ್ವಯಂಸೇವೆಯನ್ನು ಅರ್ಜಿಯಲ್ಲಿ ಸರಿಯಾಗಿ ಕಾಣಿಸುವುದರಲ್ಲಿ ಮುಂಬಯಿಯ ನಮ್ಮ ಸಂಘಗಳ ಪಾಲೂ ಇದೆ. 1926ರ ಮೈಸೂರು ಅಸೋಸಿಯೇಷನ್, 1927ರ ಬಂಟರ ಸಂಘದಂಥ ಹಳೆಯ ಸಂಸ್ಥೆಗಳು ಬೆಳೆದದ್ದೇ ಸಂಬಳ ಕೇಳದೆ ದುಡಿದವರಿಂದ. ಈಗ ದುಡಿಯುತ್ತಿರುವ ಎಳೆಯರಿಗೆ ವೇದಿಕೆಯಲ್ಲಿ ಹೂಗುಚ್ಛ ಕೊಟ್ಟರೆ ಸಾಲದು. ಯಾವ ಕೆಲಸ, ಎಷ್ಟು ದಿನ, ಯಾರ ಉಸ್ತುವಾರಿಯಲ್ಲಿ ಎಂದು ಸಂಘದ ಲೆಟರ್‌ಹೆಡ್ಡಿನಲ್ಲಿ ನಾಲ್ಕು ಸಾಲು ಬರೆದು, ಕಾರ್ಯದರ್ಶಿಯ ಸಹಿ ಹಾಕಿ ಕೊಡಲಿ.