ಬಲವೇಗಗಳ ವ್ಯಾಪ್ತಿವಿಚಾರ

ಕಾಲ್ಚೆಂಡಾಟವನ್ನು ಕಲಿಯುವ ಬಾಲಕರಿಗೆ ಭಾರವೆತ್ತುವ ವ್ಯಾಯಾಮವನ್ನು ಮಾಡಿಸಿದರೆ ಅವರ ಓಟವು ತೀವ್ರವಾಗುವುದೆ, ಅಥವಾ ಮೈ ಕುಗ್ಗಿ ಕೇಡಾಗುವುದೆ ಎಂಬ ವಿಷಯದಲ್ಲಿ ಎರಡು ಪಕ್ಷಗಳುಂಟು. ತುಮಕೂರಿನ ಮಹಾತ್ಮಾಗಾಂಧಿ ಕ್ರೀಡಾಂಗಣದಲ್ಲಾಗಲಿ, ಗುಬ್ಬಿ ಕುಣಿಗಲ್‌ಗಳ ಶಾಲೆಯ ಬಯಲಿನಲ್ಲಾಗಲಿ ಚೆಂಡಿನ ಹಿಂದೆ ಓಡುವ ಮಕ್ಕಳ ಮೈಯೇ ಈ ವಾದದ ಫಲವನ್ನು ಉಣ್ಣಬೇಕಾದುದರಿಂದ ಇದು ಬರಿಯ ಶಬ್ದಕಲಹವಲ್ಲ.

ಬಲವಿದ್ದಲ್ಲಿ ವೇಗವುಂಟೆಂಬುದು ಮೊದಲನೆಯ ಪಕ್ಷ. ವಿಸ್ಲೋಫ್ ಮೊದಲಾದವರು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇದಕ್ಕೆ ಆಧಾರ. ನಾರ್ವೆ ದೇಶದ 17 ಮಂದಿ ಉತ್ತಮ ಆಟಗಾರರಲ್ಲಿ, ಭಾರವನ್ನು ಹೊತ್ತು ಅರ್ಧ ಬಸ್ಕಿ ಹೊಡೆಯುವ ಶಕ್ತಿಯು ಹೆಚ್ಚಿದಷ್ಟೂ 10 ಮೀಟರ್ ಓಟದ ಕಾಲವು ಕಡಿಮೆಯಾಗಿ ಕಂಡುಬಂದಿತು. ಈ ಸಹಚಾರದ ಅಂಕವು 10 ಮೀಟರಿಗೆ 0.94, 30 ಮೀಟರಿಗೆ 0.71. ಆದರೆ ಸಹಚಾರದರ್ಶನವೊಂದೇ ವ್ಯಾಪ್ತಿಯನ್ನು ಸಾಧಿಸಲಾರದೆಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಬೆಂಕಿಯಿದ್ದೆಡೆಯಲ್ಲೆಲ್ಲ ಹೊಗೆಯಿರದು, ಹಸಿಸೌದೆಯ ಸಂಬಂಧವೆಂಬ ಉಪಾಧಿಯು ಅಲ್ಲಿ ಬೇಕು. ಆ ಆಟಗಾರರು ಸರಾಸರಿ ಸುಮಾರು 26 ವರ್ಷದ ಪ್ರೌಢರು. ಬಾಲಕರಲ್ಲಾದರೋ ಬೆಳವಣಿಗೆಯೆಂಬ ಉಪಾಧಿಯುಂಟು. ಎತ್ತರವೂ ಮಾಂಸವೂ ಬೆಳೆದಂತೆ ಬಲವೇಗಗಳೆರಡೂ ತಾವಾಗಿಯೇ ಏರುತ್ತವೆ. ಆದುದರಿಂದ ಪ್ರೌಢರ ಅಂಕವನ್ನು ಬಾಲಕರಿಗೆ ಅನ್ವಯಿಸುವುದು ಸಾಧುವಲ್ಲ.

ಅನ್ವಯದೊಡನೆ ವ್ಯತಿರೇಕವನ್ನೂ ನೋಡಿದ ಸಂಶೋಧನೆಯು ಸಾಂಡರ್ ಮೊದಲಾದ ಜರ್ಮನ್ ವಿದ್ವಾಂಸರದು, 2013ರಲ್ಲಿ ಪ್ರಕಟವಾದುದು. 134 ಮಂದಿ ಕಿಶೋರರಲ್ಲಿ ಕೆಲವರಿಗೆ ಎರಡು ವರ್ಷ ಆಟದೊಡನೆ ಭಾರದ ಬಸ್ಕಿಯನ್ನೂ ಮಾಡಿಸಿ, ಮಿಕ್ಕವರಿಗೆ ಆಟದ ಅಭ್ಯಾಸವನ್ನು ಮಾತ್ರ ಕೊಡಲಾಯಿತು. ಬೆಳವಣಿಗೆಯು ಉಭಯರಿಗೂ ಇದ್ದರೂ ಬಲಾಭ್ಯಾಸಿಗಳ ಓಟವೇ ಹೆಚ್ಚು ಸುಧಾರಿಸಿತು. ಬಲವು ವೇಗಕ್ಕೆ ಕಾರಣವೆಂಬುದು ಇದರಿಂದ ನಿಲ್ಲುತ್ತದೆ. ಆದರೆ ಕಾರಣಗಳಲ್ಲಿ ಒಂದಾಗಿ ಮಾತ್ರ. ಓಟದ ಆರಂಭದಲ್ಲಿ ನೆಲವನ್ನು ಹಿಂದಕ್ಕೆ ನೂಕುವ ಶಕ್ತಿಯು ತನ್ನ ಮೈತೂಕಕ್ಕೆ ಹೋಲಿಸಿದರೆ ಎಷ್ಟೆಂಬುದು ಮುಖ್ಯ. ತೂಕವನ್ನಷ್ಟೇ ಬೆಳೆಸಿದ ವ್ಯಾಯಾಮವು ಕಾಲಿಗೆ ಹೊರೆ. ಓಡುವ ಅಭ್ಯಾಸವು ಬೇರೆಯಾಗಿಯೇ ನಡೆಯತಕ್ಕುದು. ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಹನ್ನೆರಡನೆಯ ಶತಮಾನದಲ್ಲಿಯೇ ಮಲ್ಲರಿಗೆ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮಗಳನ್ನು ಪ್ರತ್ಯೇಕವಾಗಿ ಹೇಳಿರುವುದು ಇಲ್ಲಿ ಸ್ಮರಣೀಯ.

ಬಾಲರಿಗೆ ಭಾರವೇ ಸಲ್ಲದು, ಅದರಿಂದ ಎತ್ತರವು ಕುಗ್ಗುವುದೆಂಬುದು ಎರಡನೆಯ ಪಕ್ಷ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ವ್ಯಾಯಾಮವನ್ನು ಬಿಡತಕ್ಕವರೊಳಗೆ ಬಾಲನನ್ನೂ ಎಣಿಸಿದ್ದಾನೆ. ಸುಶ್ರುತನ ಎಣಿಕೆಯಲ್ಲಿ 16 ವರ್ಷದೊಳಗಿನವನು ಬಾಲನೇ. ಈ ನಿಷೇಧವನ್ನು ಅಕ್ಷರಶಃ ಹಿಡಿದರೆ ಆಟವೇ ನಿಷಿದ್ಧವಾಗಬೇಕಾದೀತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ 5ರಿಂದ 17 ವರ್ಷದವರಿಗೆ ವಾರಕ್ಕೆ 3 ದಿನವಾದರೂ ಮಾಂಸಬಲವನ್ನು ಹೆಚ್ಚಿಸುವ ಚಟುವಟಿಕೆಯು ಬೇಕೆಂದು ಸೂಚಿಸಿದೆ. ಬಲ್ಲವರ ಕಣ್ಣೆದುರಿನಲ್ಲಿ ಕ್ರಮವಾಗಿ ನಡೆದ ಅಭ್ಯಾಸದಿಂದ ಎತ್ತರವು ಕುಗ್ಗಿತೆಂಬುದಕ್ಕೆ ಪ್ರಮಾಣವಿಲ್ಲ. ಪ್ರತ್ಯಕ್ಷವು ಬಾಧಿಸಿದಲ್ಲಿ ವಚನವನ್ನು ಸಂಕೋಚಗೊಳಿಸುವುದೇ ಯುಕ್ತ. ಹಾಗೆಂದು ಅದೇ ಶಾಸ್ತ್ರದ ಅರ್ಧಶಕ್ತಿಯ ನಿಯಮವು ತ್ಯಾಜ್ಯವಲ್ಲ. ಹೊಸದಾಗಿ ಕಲಿಯುವ ಹುಡುಗನಿಗೆ ಅದು ಒಳ್ಳೆಯ ಮೇರೆ. ಟಿಪ್ಪುವಿನ ಕಾಲದಿಂದ ಕುದುರೆಸಾಕಣೆಗೆ ಹೆಸರಾದ ಕುಣಿಗಲ್‌ಗೆ ಈ ನ್ಯಾಯವು ಅಪರಿಚಿತವಲ್ಲ: ಎರಡು ವರ್ಷ ತುಂಬದ ಮರಿಯನ್ನು ಪಂದ್ಯಕ್ಕೆ ಬಿಡರು, ಬಯಲಿಗೂ ಬಿಡದೆ ಕಟ್ಟಿಹಾಕುವುದೂ ಇಲ್ಲ.

ಉಪಾಧಿಯನ್ನು ಮರೆತುದರ ಕೇಡು ಆಯ್ಕೆಯ ದಿನ ಹೆಚ್ಚಾಗಿ ಕಾಣುವುದು. ಹುಡುಗರ ಎತ್ತರವು ಅತಿವೇಗದಿಂದ ಏರುವುದು ಸುಮಾರು 14ರಲ್ಲಿ. ಕೆಲವರಿಗೆ ಒಂದೆರಡು ವರ್ಷ ಮೊದಲು, ಕೆಲವರಿಗೆ ಅನಂತರ. 13ರ ವಯಸ್ಸಿನಲ್ಲಿ 30 ಮೀಟರ್ ಓಡಿಸಿ ಮಂದನೆಂದು ಕೈಬಿಟ್ಟ ಬಾಲಕನು ಕೇವಲ ತಡವಾಗಿ ಬೆಳೆಯುವವನಾಗಿರಬಹುದು. ಅವನನ್ನು ಬೇಗ ಬೆಳೆದವನೊಡನೆ ತೂಗದೆ, ಆರು ತಿಂಗಳ ಹಿಂದಿನ ಅವನೊಡನೆಯೇ ತೂಗಿ ನೋಡತಕ್ಕುದು. ಇದಕ್ಕೆ ಯಂತ್ರಶಾಲೆಯ ಅಗತ್ಯವಿಲ್ಲ. ಗರಡಿಯ ಬಸ್ಕಿ, ಅಳೆದ ಬಯಲು, ಗಡಿಯಾರ, ಎತ್ತರವನ್ನು ಗುರುತಿಸಿದ ಗೋಡೆ, ಇವುಗಳೊಡನೆ ಮೇರೆಯನ್ನರಿತ ಗುರುವೊಬ್ಬನಿದ್ದರೆ ಗುಬ್ಬಿಯಂಥ ಊರಿನಲ್ಲಿಯೂ ಇದು ಸಾಧ್ಯವು.