ವಿದ್ಯುನ್ಮಾನ ಭಂಡಾರದಲ್ಲಿ ಜಾನಪದ ಮಹಾಪ್ರಬಂಧ

ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಕಡ್ಡಾಯಗೊಳಿಸಿದ ಮೇಲೆ, ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಶೋಧಗಂಗಾ’ ಭಂಡಾರವನ್ನು ಕನ್ನಡದ ಜಾನಪದ ಮಹಾಪ್ರಬಂಧಗಳೂ ಸೇರಿದವು. ಕಪಾಟಿನಲ್ಲಿ ಧೂಳು ಹಿಡಿದಿದ್ದ ಕೃತಿಗಳು ದೂರದ ಓದುಗನ ಕೈಗೆಟುಕಿದುದು ಸಣ್ಣ ಲಾಭವಲ್ಲ. ಆದರೆ ಭಂಡಾರದಲ್ಲಿರುವುದು ಬೇರೆ, ಹುಡುಕಿದಾಗ ದೊರೆಯುವುದು ಬೇರೆ.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪ್ರಬಂಧದಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಗಣಕಕ್ಕೆ ಕಾಣುವುದು ರೋಮನ್ ಚಿಹ್ನೆಗಳ ರಾಶಿ. ಯೂನಿಕೋಡಿಗೆ ಪರಿವರ್ತಿಸದ ಹೊರತು ‘ಕಂಸಾಳೆ’ ಎಂದು ಹುಡುಕಿದವನಿಗೆ ಕಂಸಾಳೆಯ ಮೇಲಿನ ಅಧ್ಯಾಯವೇ ಸಿಗದು. ಸ್ಕ್ಯಾನ್ ಮಾಡಿದ ಪುಟಗಳಂತೂ ಬರಿಯ ಚಿತ್ರಗಳು. ಹೀಗಾಗಿ ಭಾರವೆಲ್ಲ ಸೂಚಿಯ ವಿವರಗಳ ಮೇಲೆ ಬೀಳುತ್ತದೆ. ಅಲ್ಲಿಯೂ ಮಾದೇಶ್ವರ, ಮಹದೇಶ್ವರ, ಮಾದಪ್ಪ ಎಂದು ಒಂದೇ ದೈವ ಮೂರೆಡೆ ಚದುರಬಹುದು. ಕಾರ್ಡುಸೂಚಿಯ ಕಾಲದಲ್ಲಿ ‘ನೋಡಿ’ ಎಂಬ ಚೀಟಿಯಿಂದ ಇಂಥವನ್ನು ಬೆಸೆಯುತ್ತಿದ್ದ ಗ್ರಂಥಪಾಲಕರಿಗೆ ಇದು ಹೊಸ ಸಮಸ್ಯೆಯೇನಲ್ಲ.

ಇದಕ್ಕಿಂತ ಗಂಭೀರವಾದುದು ಅನುಬಂಧದ ಪ್ರಶ್ನೆ. ಜಾನಪದ ಪ್ರಬಂಧದ ಕೊನೆಯಲ್ಲಿ ವಕ್ತೃಗಳ ಹೆಸರು, ಊರು, ವಯಸ್ಸು, ಹಲವೆಡೆ ಜಾತಿಯೂ ಇರುತ್ತದೆ. ಎದುರು ಕುಳಿತ ಸಂಶೋಧಕನಿಗೆ ಕೊಟ್ಟ ಒಪ್ಪಿಗೆಯನ್ನು ಜಗತ್ತಿಗೇ ತೆರೆದ ಕಡತಕ್ಕೆ ಕೊಟ್ಟ ಒಪ್ಪಿಗೆಯೆಂದು ಭಾವಿಸಲಾಗದು. ಸಲ್ಲಿಕೆಯ ಪತ್ರಕ್ಕೆ ಸಹಿ ಹಾಕುವವನು ಸಂಶೋಧಕ, ಹಾಡಿದವನಲ್ಲ. ಶೋಧಗಂಗಾ ಬಳಸುವ ಡಿಸ್ಪೇಸ್ ತಂತ್ರಾಂಶದಲ್ಲಿ ಒಂದೊಂದು ಕಡತಕ್ಕೂ ಪ್ರತ್ಯೇಕ ಪ್ರವೇಶಮಿತಿ ವಿಧಿಸಲು ಅವಕಾಶವಿದೆ. ಅನುಬಂಧವನ್ನು ಬೇರೆ ಕಡತವಾಗಿಸಿ, ಒಪ್ಪಿಗೆ ದೊರೆಯುವವರೆಗೆ ಮುಚ್ಚಿಡುವುದು ಕಷ್ಟವಲ್ಲ. ಅದೇ ತಂತ್ರಾಂಶ ಧ್ವನಿಕಡತವನ್ನೂ ಸ್ವೀಕರಿಸಬಲ್ಲದು. ಆದರೂ ಹಾಡುಗಾರನ ಹೆಸರು, ವಿಳಾಸ ಭಂಡಾರಕ್ಕೆ ಬಂದು, ಅವನ ದನಿಯಿರುವ ಕ್ಯಾಸೆಟ್ಟು ಸಂಶೋಧಕನ ಮನೆಯಲ್ಲೇ ಬೂಷ್ಟು ಹಿಡಿಯುವುದು ಅಪರೂಪವಲ್ಲ.