ತೈಲಚಿತ್ರಾಭ್ಯಾಸವೂ ಪ್ರತಿಕೃತಿಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಯ ತರುಣನು ತೈಲವರ್ಣದಲ್ಲಿ ಭಾವಚಿತ್ರ ಬರೆಯಲು ಕಲಿಯಬೇಕೆಂದರೆ, ಮೂಲಚಿತ್ರಗಳ ದರ್ಶನಕ್ಕಾಗಿ ಮೈಸೂರಿನ ಜಗನ್ಮೋಹನ ಅರಮನೆಯನ್ನು ನೆನೆಯುವುದು ಸಹಜವೇ ಆಗಿದೆ. ರವಿವರ್ಮನ ಚಿತ್ರಗಳಿಗೆ ಆ ಚಿತ್ರಶಾಲೆ ಹೆಸರಾದುದು. ಆದರೆ ರವಿವರ್ಮನಲ್ಲಿ ಕುಂಚದ ಗುರುತು ಬಣ್ಣದೊಳಗೆ ಅಡಗಿಹೋಗುತ್ತದೆ. ಕೆನ್ನೆಯ ಬೆಳಕು ಎಲ್ಲಿ ನೆರಳಾಯಿತೆಂಬುದು ಕಣ್ಣಿಗೆ ಸಿಕ್ಕದು. ನೋಡುವವನಿಗೆ ಇದು ಸೊಗಸು, ಕಲಿಯುವವನಿಗೆ ಕದವಿಕ್ಕಿದ ಮನೆ. ಸ್ವತಃ ರವಿವರ್ಮನಿಗೂ ಈ ಕಷ್ಟ ತಪ್ಪಲಿಲ್ಲ. ತಿರುವನಂತಪುರದ ಆಸ್ಥಾನದ ರಾಮಸ್ವಾಮಿ ನಾಯ್ಕರು ತೈಲವರ್ಣದ ಮರ್ಮವನ್ನು ಹೇಳಿಕೊಡಲೊಪ್ಪದಿರಲು, ಥಿಯೊಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ಬರೆಯುವುದನ್ನು ನೋಡಿ ನೋಡಿಯೇ ಆತನು ಕಲಿತನು.

ವಿನ್ಸೆಂಟ್ ವ್ಯಾನ್ ಗೋ 1889ರ ಸೆಪ್ಟೆಂಬರಿನಲ್ಲಿ, ಸೇಂಟ್ ರೆಮಿಯ ಚಿಕಿತ್ಸಾಲಯದಲ್ಲಿದ್ದಾಗ ಬರೆದುಕೊಂಡ ತನ್ನ ಭಾವಚಿತ್ರವು ಇದಕ್ಕೆ ತದ್ವಿರುದ್ಧವಾದುದು. ಈಗ ಅದು ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಹಿನ್ನೆಲೆಯೂ ಕೋಟೂ ಒಂದೇ ನೀಲಿಹಸಿರಿನಲ್ಲಿ ಸುಳಿಯುತ್ತಿರಲು ನಡುವೆ ಕೆಂಗಿತ್ತಳೆಯ ಗಡ್ಡವು ಉರಿಯುತ್ತದೆ. ಒಂದೊಂದು ಕುಂಚಾಘಾತವೂ ಬಯಲಲ್ಲಿಯೇ ಇದೆ. ಇಂತಹುದನ್ನು ಪ್ರತಿಮಾಡುವ ಅಭ್ಯಾಸವು ಮೆಚ್ಚತಕ್ಕದ್ದು. ಆದರೆ ಎಂತು ಪ್ರತಿಮಾಡಬೇಕು?

ಚೌಕಗಳನ್ನು ಗೀಚಿ, ಹೊರಗೆರೆಯನ್ನಿಳಿಸಿ, ಸುಳಿಗಳನ್ನು ಎಣಿಸಿ ತುಂಬಿದರೆ ಕೈಗೆ ಬರುವುದು ರಂಗವಲ್ಲಿ. ಹಣೆಯ ಗೆರೆಗಳು ಹಣೆಯ ಉಬ್ಬನ್ನು ಅನುಸರಿಸಿ ಬಾಗುತ್ತವೆ, ಗಡ್ಡದವು ಕೂದಲಿನ ಓಟದಲ್ಲಿ ಇಳಿಯುತ್ತವೆ. ಆ ದಿಕ್ಕನ್ನು ಗ್ರಹಿಸದವನು ಚಿತ್ರವನ್ನು ನೋಡಿಯೇ ಇಲ್ಲ. ಇನ್ನು ಬಣ್ಣದ ಮಾತು. ಕಿತ್ತಳೆಯೂ ನೀಲಿಯೂ ಪಕ್ಕಪಕ್ಕದಲ್ಲಿ ನಿಂತಾಗ ಒಂದನ್ನೊಂದು ಬೆಳಗಿಸುತ್ತವೆ. ಹಸಿಯಾಗಿರುವಾಗಲೇ ಕಲೆತರೆ ಕೆಸರಾಗುತ್ತವೆ. ಎಣ್ಣೆಯ ಬಣ್ಣವಾದರೋ ಬೇಗನೆ ಒಣಗದು. ಆದುದರಿಂದ ಗೆರೆಯನ್ನಿಟ್ಟು ಕೈಯನ್ನು ಹಿಂದೆಗೆಯುವ ಸಂಯಮ ಬೇಕು. ತಿದ್ದುವ ಚಪಲವುಳ್ಳವರಿಗೆ ಈ ಚಿತ್ರದಷ್ಟು ಕಠಿಣನಾದ ಗುರು ಮತ್ತೊಬ್ಬನಿಲ್ಲವೆಂದು ನನ್ನ ಎಣಿಕೆ.

ನಮ್ಮ ಮನೆಗಳಲ್ಲಿ ಪ್ರತಿಕೃತಿಗೆ ಸಲ್ಲುವ ಹೊಗಳಿಕೆ ಒಂದೇ: "ಅಚ್ಚು ಹಾಗೆಯೇ ಇದೆ." ಈ ಹೊಗಳಿಕೆ ಎಷ್ಟೋ ಕೈಗಳನ್ನು ಕೆಡಿಸಿದೆ. ಜಗನ್ಮೋಹನ ಅರಮನೆಯಲ್ಲಿ ಹಲ್ದಣಕರರ ದೀಪ ಹಿಡಿದ ಹೆಂಗಸನ್ನು ಕಂಡು ತೈಲಚಿತ್ರವೆಂದೂ ರವಿವರ್ಮನದೆಂದೂ ನಂಬುವವರು ಇಂದಿಗೂ ಉಂಟು, ಅದು ಜಲವರ್ಣದ್ದು. ಹೋಲಿಕೆಯೊಂದನ್ನೇ ಅರಸುವ ಕಣ್ಣಿಗೆ ಬಣ್ಣದ ಜಾತಿಯೂ ಕಾಣಿಸದು.

ಅಚ್ಚಿನ ಚಿತ್ರದಿಂದ ಪ್ರತಿಮಾಡುವುದು ಹೀನವೆಂಬ ಆಕ್ಷೇಪವುಂಟು. ಅಚ್ಚಿನಲ್ಲಿ ಬಣ್ಣದ ದಪ್ಪ ಕಾಣದು, ನೀಲಿಯ ಛಾಯೆಯೂ ನಿಜವಾಗಿರದು, ಒಪ್ಪಿದೆ. ಆದರೆ ಆ ಚಿಕಿತ್ಸಾಲಯದಲ್ಲಿಯೇ ವ್ಯಾನ್ ಗೋ ಮಿಲೆಯ ಚಿತ್ರಗಳನ್ನು ಕಪ್ಪುಬಿಳುಪಿನ ಅಚ್ಚುಗಳಿಂದ ಪ್ರತಿಮಾಡಿದನು, ವರ್ಣವೆಲ್ಲ ಅವನದೇ. ವಾದಕನು ಬೇಥೋವನ್ನನ ಕೃತಿಯನ್ನು ನುಡಿಸುವಾಗ ತನ್ನ ಭಾವವನ್ನೂ ಬೆರೆಸುವಂತೆ ಇದೆಂದು ತಮ್ಮನಿಗೆ ಬರೆದನು. ಗುರುಮುಖದಿಂದ ಕೀರ್ತನೆ ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿಯಲ್ಲಿಯೇ ನಿಂತುಬಿಡುವುದು ಬೇರೆ ಮಾತು. ಆ ಬಿಳಿಯ ಮುಖದ ಹಸಿರು ನೆರಳನ್ನು ಕಂಠಪಾಠಮಾಡಿ ಕೋಟೆಯ ಬಿಸಿಲಿನಲ್ಲಿ ದುಡಿವ ರೈತನ ಕಂದುಮುಖಕ್ಕೆ ಬಳಿದರೆ ರೋಗಿಯೊಬ್ಬನು ಹುಟ್ಟುತ್ತಾನೆ. ನೆರಳು ಬೆಳಕಿಗಿಂತ ಎಷ್ಟು ತಣ್ಣಗಿದೆ ಎಂಬ ಅಂತರವನ್ನು ಮಾತ್ರ ಕಲಿತು, ಬಣ್ಣವನ್ನು ಎದುರಿನ ಮುಖದಿಂದಲೇ ತೆಗೆದುಕೊಳ್ಳಬೇಕು. ಎದುರಿಗೆ ಕುಳಿತುಕೊಳ್ಳುವವರು ಯಾರು? ಮಾದರಿಗಳಿಗೆ ಹಣವಿಲ್ಲದೆ ವ್ಯಾನ್ ಗೋ ಸುಮಾರು 35 ಬಾರಿ ತನ್ನನ್ನೇ ಬರೆದುಕೊಂಡನು. ಕನ್ನಡಿಯೇನೂ ಕೂಲಿ ಕೇಳುವುದಿಲ್ಲ. ಪ್ರತಿಕೃತಿ ಒಣಗಲು ಗೋಡೆಗೊರಗಿದ ವಾರದಲ್ಲಿಯೇ ಕಿಟಕಿಯ ಪಕ್ಕಕ್ಕೆ ಕನ್ನಡಿಯನ್ನು ತಂದಿಟ್ಟುಕೊಳ್ಳಬಹುದು.